ದುಡ್ಡು ನಮ್ಮದು, ಕೀಲಿಕೈ ಅವರದು

ಸಿಇಟಿ ಪರೀಕ್ಷೆಯ ದಿನ ಬೆಳಗ್ಗೆ ಏಳು ಗಂಟೆಗೆ ಅಕ್ಕನ ಮಗ ಪೆನ್‌ಡ್ರೈವ್ ಹಿಡಿದುಕೊಂಡು ಬಂದ. ‘ಮಾವ, ಹಾಲ್ ಟಿಕೆಟ್ ಪ್ರಿಂಟ್ ಬೇಕಿತ್ತು, ಒಂದೇ ಪೇಜು’ ಅಂದ. ನಮ್ಮ ಬಳಗದಲ್ಲಿ ಕಂಪ್ಯೂಟರ್ ಎಂದರೆ ನಾನು, ನಾನು ಎಂದರೆ ಕಂಪ್ಯೂಟರ್. ಹಾಗಾಗಿ ಸ್ವಲ್ಪ ಗತ್ತಿನಿಂದಲೇ ಪ್ರಿಂಟರಿನ ಗುಂಡಿ ಒತ್ತಿದೆ. ಅದು ಗುರ್ ಎಂದಿತು, ತನ್ನ ತಲೆಯನ್ನು ಎರಡು ಸಲ ಆಚೀಚೆ ಓಡಿಸಿತು, ಕಾಗದವನ್ನು ಅರ್ಧ ಎಳೆದುಕೊಂಡು ನಿಂತುಬಿಟ್ಟಿತು. ನೀಲಿ ಕಾರ್ಟ್ರಿಜ್ ಮುಗಿದಿದೆ, ಬದಲಾಯಿಸಿ ಎಂಬ ಸಂದೇಶ ಬಂತು.

ಹಾಲ್ ಟಿಕೆಟ್ಟನ್ನು ಕಪ್ಪು ಬಿಳುಪಿನಲ್ಲಿ ಹೊಡೆದರೆ ಸಾಕಿತ್ತು. ಕಪ್ಪು ಇಂಕು ತುಂಬಿತ್ತು. ಕಪ್ಪಿನಲ್ಲೇ ಹೊಡಿ ಎಂದು ಆಯ್ಕೆ ಕೊಟ್ಟರೂ ಅದೇ ಹಟ. ಡ್ರಾಯರಿನಲ್ಲಿ, ಹಿಂದಿನ ವಾರ ಅಂಗಡಿಯಲ್ಲಿ ಇಂಕು ತುಂಬಿಸಿ ತಂದಿದ್ದ ನೀಲಿ ಕಾರ್ಟ್ರಿಜ್ ಒಂದಿತ್ತು. ಅದನ್ನು ಹಾಕಿದೆ. ಈಗ ಸಂದೇಶ ಬದಲಾಯಿತು: ಇದು ಅಸಲಿ ಅಲ್ಲ, ಹಾಗಾಗಿ ಕೆಲಸ ಮಾಡುವುದಿಲ್ಲ. ಹೋದ ವರ್ಷ ಇದೇ ಕಾರ್ಟ್ರಿಜ್ಜನ್ನು ಇದೇ ಯಂತ್ರ ಮರುಮಾತಿಲ್ಲದೆ ಒಪ್ಪಿಕೊಂಡಿತ್ತು. ನಡುವೆ ಆದದ್ದು ಇಷ್ಟೇ. ಒಂದು ರಾತ್ರಿ ಅದು ವೈಫೈ ಮೂಲಕ ತಾನೇ ಏನನ್ನೋ ಇಳಿಸಿಕೊಂಡು, ‘ನಿಮ್ಮ ಪ್ರಿಂಟರ್ ಇನ್ನಷ್ಟು ಉತ್ತಮಗೊಂಡಿದೆ’ ಎಂದು ತಿಳಿಸಿತ್ತು. ಯಾರ ಪಾಲಿಗೆ ಉತ್ತಮ ಎಂದು ಆಗ ಕೇಳಲಿಲ್ಲ.

ಕೊನೆಗೆ ಬೀದಿ ಮೂಲೆಯ ಝೆರಾಕ್ಸ್ ಅಂಗಡಿಯ ಷಟರ್ ಎತ್ತಿಸಿದೆವು. ಆತನ ಪ್ರಿಂಟರಿಗೆ ಒಂದು ಬದಿಯ ಮುಚ್ಚಳವೇ ಇಲ್ಲ, ಕಾಗದದ ತಟ್ಟೆಯನ್ನು ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸಿದ್ದಾನೆ. ಐದು ಸೆಕೆಂಡಿನಲ್ಲಿ ಹಾಳೆ ಹೊರಬಿತ್ತು. ‘ನಿಮ್ಮ ಮನೇಲೇ ಇದೆಯಲ್ಲ ಸಾರ್?’ ಎಂದು ಕೇಳಿದ. ಹುಡುಗ ನನ್ನ ಮುಖ ನೋಡಿದ. ನಾನು ಚಿಲ್ಲರೆ ಹುಡುಕುವಂತೆ ನಟಿಸಿದೆ.

ಯಂತ್ರಗಳನ್ನು ಕಂಡರೆ ಆಗದವನು ಬರೆಯುತ್ತಿರುವ ಲೇಖನವಲ್ಲ ಇದು. ಬೆಂಗಳೂರಿನ ಸದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಎಸ್.ಪಿ. ರೋಡಿನಲ್ಲಿ, ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ರ‍್ಯಾಮ್ ಇನ್ನೊಂದರಲ್ಲಿ, ಕ್ಯಾಬಿನೆಟ್ ಮತ್ತೊಂದರಲ್ಲಿ ಚೌಕಾಸಿ ಮಾಡಿ ಕೊಂಡು, ಆಟೊದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ರಾತ್ರಿಯಿಡೀ ಕೂತು ಜೋಡಿಸಿದವನು ನಾನು. ಆ ಡಬ್ಬಿ ಕೆಡುತ್ತಿತ್ತು, ಬೇಕಾದಷ್ಟು ಸಲ ಕೆಡುತ್ತಿತ್ತು. ಆದರೆ ಕೆಟ್ಟಾಗ ಅದು ನನ್ನ ಡಬ್ಬಿಯಾಗಿಯೇ ಕೆಡುತ್ತಿತ್ತು. ಇಂದಿನವು ಕೆಡುವುದು ಕಡಿಮೆ, ನಿಜ. ಚೆನ್ನಾಗಿರುವಾಗಲೇ ‘ಆಗುವುದಿಲ್ಲ’ ಎನ್ನುತ್ತವೆ. ನನ್ನ ಸಿಟ್ಟಿರುವುದು ಇದರ ಮೇಲೆ.

ಪ್ರಿಂಟರಿನ ಒಳಗುಟ್ಟು ಸರಳ. ಕಂಪನಿ ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಇಂಕಿನಲ್ಲಿ ಲಾಭ ತೆಗೆಯುತ್ತದೆ. ಹಾಗಾಗಿ ಇಂಕನ್ನು ಬೇರೆಯವರಿಂದ ಕೊಳ್ಳದಂತೆ ತಡೆಯುವುದು ಅದಕ್ಕೆ ಜೀವನ್ಮರಣದ ಪ್ರಶ್ನೆ. ಅದಕ್ಕಾಗಿ ಕಾರ್ಟ್ರಿಜ್ಜಿನ ಬದಿಯಲ್ಲಿ ಬೆರಳಿನ ಉಗುರಿಗಿಂತ ಸಣ್ಣ ಚಿಪ್ ಅಂಟಿಸಿರುತ್ತಾರೆ. ಅದರಲ್ಲಿ ಒಂದು ಗುರುತು ಸಂಖ್ಯೆ ಇರುತ್ತದೆ, ಎಷ್ಟು ಇಂಕು ಖರ್ಚಾಯಿತು ಎಂಬ ಲೆಕ್ಕವಿರುತ್ತದೆ. ಪ್ರಿಂಟರಿನ ಒಳಗಿನ ತಂತ್ರಾಂಶ, ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ, ಆ ಚಿಪ್ಪನ್ನು ಓದಿ ಹೂಂ ಅನ್ನಬೇಕು. ಅನೇಕ ಮಾದರಿಗಳಲ್ಲಿ ಇಂಕು ಮುಗಿದಿದೆಯೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ, ಚಿಪ್ಪಿನ ಲೆಕ್ಕ ಮುಗಿದರೆ ಇಂಕು ಮುಗಿದಂತೆ. ಸಿರಿಂಜಿನಲ್ಲಿ ಮತ್ತೆ ಇಂಕು ತುಂಬಿದರೂ ಚಿಪ್ಪು ಖಾಲಿ ಎಂದೇ ಸಾಧಿಸುತ್ತದೆ.

2016ರ ಸೆಪ್ಟೆಂಬರ್ 13ರಂದು ಎಚ್‌ಪಿ ಕಂಪನಿಯ ಕೆಲವು ಆಫೀಸ್‌ಜೆಟ್ ಪ್ರಿಂಟರುಗಳು ಬೇರೆ ಕಂಪನಿಯ ಕಾರ್ಟ್ರಿಜ್‌ಗಳನ್ನು ಒಂದೇ ದಿನ ತಿರಸ್ಕರಿಸತೊಡಗಿದವು. ಹಿಂದೆ ಯಾವಾಗಲೋ ಕಳಿಸಿದ್ದ ಅಪ್‌ಡೇಟಿನೊಳಗೆ ಆ ತಾರೀಕು ಕೂತಿತ್ತು. ಗಲಾಟೆಯಾದ ಮೇಲೆ ಕಂಪನಿ, ಸರಿಯಾಗಿ ತಿಳಿಸಬೇಕಿತ್ತು ಎಂದು ಕ್ಷಮೆ ಕೇಳಿ, ಆ ತಡೆ ತೆಗೆಯುವ ಇನ್ನೊಂದು ಅಪ್‌ಡೇಟ್ ಕೊಟ್ಟಿತು. ಲೆಕ್ಸ್‌ಮಾರ್ಕ್ ಎಂಬ ಇನ್ನೊಂದು ಕಂಪನಿ ಕೋರ್ಟಿಗೇ ಹೋಗಿತ್ತು. ರಿಯಾಯಿತಿ ದರದಲ್ಲಿ ಕೊಟ್ಟ ಕಾರ್ಟ್ರಿಜ್ಜನ್ನು ಒಮ್ಮೆ ಬಳಸಿ ನಮಗೇ ವಾಪಸು ಕೊಡಬೇಕು, ಬೇರೆಯವರು ತುಂಬಿ ಮಾರಿದರೆ ಅದು ನಮ್ಮ ಪೇಟೆಂಟಿನ ಉಲ್ಲಂಘನೆ ಎಂಬುದು ಅದರ ವಾದ. ಎದುರಾಳಿ ವೆಸ್ಟ್ ವರ್ಜೀನಿಯಾದ ಒಂದು ಪುಟ್ಟ ರೀಫಿಲ್ ಕಂಪನಿ. 2017ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪುಟ್ಟವನ ಪರವಾಗಿ ತೀರ್ಪು ಕೊಟ್ಟಿತು: ಒಮ್ಮೆ ಮಾರಿದ ಮೇಲೆ ಆ ವಸ್ತುವಿನ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು. ಕಾನೂನಿನಲ್ಲಿ ಗೆದ್ದಾಯಿತು. ಚಿಪ್ಪು ಮಾತ್ರ ಇದ್ದಲ್ಲೇ ಇತ್ತು. ನ್ಯಾಯಾಧೀಶರು ಬರೆದ ತೀರ್ಪನ್ನು ಫರ್ಮ್‌ವೇರ್ ಓದುವುದಿಲ್ಲವಲ್ಲ.

ನಮ್ಮ ಕಡೆ ಇದಕ್ಕೆ ಉತ್ತರ ಬಂದದ್ದು ಬೀದಿಯಿಂದ. ಹೊರಗೆ ಪ್ಲಾಸ್ಟಿಕ್ ಡಬ್ಬಿಯಿಟ್ಟು, ಸಣ್ಣ ಪೈಪು ಎಳೆದು, ಪ್ರಿಂಟರಿನ ಹೊಟ್ಟೆಗೆ ಇಂಕು ಹರಿಸುವ ಜುಗಾಡು ಏಷ್ಯಾದ ಊರೂರಿನ ಅಂಗಡಿಗಳಲ್ಲಿ ಹಬ್ಬಿತು. ಅದನ್ನು ನಿಲ್ಲಿಸಲಾಗದೆ ಎಪ್ಸನ್ ಕಂಪನಿ 2010ರಲ್ಲಿ ಇಂಡೊನೇಷ್ಯಾದಲ್ಲಿ ತಾನೇ ಇಂಕ್ ಟ್ಯಾಂಕ್ ಪ್ರಿಂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಯಂತ್ರದ ಬೆಲೆ ಜಾಸ್ತಿ, ಇಂಕಿನ ಬಾಟಲಿ ಅಗ್ಗ. ಇವತ್ತು ನಮ್ಮ ಝೆರಾಕ್ಸ್ ಅಂಗಡಿಗಳಲ್ಲಿ ಕಾಣುವುದು ಬಹುಪಾಲು ಇಂಥವೇ. ಎಸ್.ಪಿ. ರೋಡಿನ ಸಿರಿಂಜಿಗೆ ನಾವು ಯಾರೂ ಸಲ್ಲಿಸದ ಒಂದು ವಂದನೆ ಬಾಕಿಯಿದೆ.

ಈ ಜಗಳ ಹಳೆಯದು, ಮೊದಲಾದದ್ದೂ ಒಂದು ಪ್ರಿಂಟರಿನಿಂದಲೇ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತು. ವೇಗವೇನೋ ಚೆನ್ನಾಗಿತ್ತು, ಆದರೆ ಕಾಗದ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರಿಗೆ ಒಂದು ಉಪಾಯ ಮಾಡಿದ್ದ. ಕಾಗದ ಸಿಕ್ಕಿಕೊಂಡ ಕೂಡಲೇ, ಪ್ರಿಂಟಿಗಾಗಿ ಕಾಯುತ್ತಿರುವವರಿಗೆಲ್ಲ ಸಂದೇಶ ಹೋಗುತ್ತಿತ್ತು. ಯಾರಾದರೊಬ್ಬರು ಎದ್ದುಹೋಗಿ ಸರಿಮಾಡುತ್ತಿದ್ದರು. ಹೊಸದಕ್ಕೂ ಹಾಗೆ ಮಾಡೋಣವೆಂದರೆ ಅದರ ತಂತ್ರಾಂಶದ ಮೂಲ ಬರಹವನ್ನು ಕಂಪನಿ ಕೊಟ್ಟಿರಲಿಲ್ಲ. ಬೇರೊಂದು ವಿಶ್ವವಿದ್ಯಾಲಯದಲ್ಲಿ ಆ ಮೂಲ ಬರಹ ಇಟ್ಟುಕೊಂಡಿದ್ದವರನ್ನು ಹುಡುಕಿಕೊಂಡು ಹೋದರೆ, ಯಾರಿಗೂ ಕೊಡುವುದಿಲ್ಲವೆಂದು ಸಹಿ ಹಾಕಿದ್ದೇನೆ ಎಂದು ಅವರು ಕೈಯೆತ್ತಿದರು. 1983ರಲ್ಲಿ ಸ್ಟಾಲ್‌ಮನ್, ಮೂಲ ಬರಹ ಎಲ್ಲರಿಗೂ ತೆರೆದಿರುವ ತಂತ್ರಾಂಶ ಕಟ್ಟುವ ಗ್ನು ಯೋಜನೆ ಘೋಷಿಸಿದ್ದರ ಹಿಂದೆ ಈ ಸಿಟ್ಟೂ ಇತ್ತು. ಇವತ್ತು ಲಿನಕ್ಸ್ ಎಂದು ನಾವು ಬಳಸುವ ವ್ಯವಸ್ಥೆಯ ದೊಡ್ಡ ಪಾಲು ಅಲ್ಲಿಂದ ಹುಟ್ಟಿದ್ದು. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದು ಅದರಲ್ಲೇ.

ಸ್ಟಾಲ್‌ಮನ್ ಕಾಲದ ಪ್ರಿಂಟರಿಗೆ ಇಂಟರ್ನೆಟ್ ಮೂಲಕ ಕಂಪನಿಯೊಂದಿಗೆ ಮಾತಾಡಲು ಬರುತ್ತಿರಲಿಲ್ಲ. ಈಗ ಬರುತ್ತದೆ. ವ್ಯತ್ಯಾಸವೆಲ್ಲ ಇಲ್ಲೇ ಇದೆ. ಮೊದಲು ಮಾರಾಟ ಎಂದರೆ ಅಂಗಡಿಯಿಂದ ಹೊರಬಿದ್ದ ಕ್ಷಣ ಸಂಬಂಧ ಕಡಿಯಿತು ಎಂದರ್ಥ. ಈಗ ಮಗಳನ್ನು ಮದುವೆ ಮಾಡಿಕೊಟ್ಟ ಮೇಲೂ ದಿನಾ ರಾತ್ರಿ ಫೋನು ಮಾಡಿ ಇವತ್ತು ಏನು ಸಾರು ಎಂದು ವಿಚಾರಿಸುವ ತವರಿನಂತೆ ಕಂಪನಿ ಮನೆಯೊಳಗೇ ಇರುತ್ತದೆ. 2009ರ ಜುಲೈನಲ್ಲಿ ಅಮೆಜಾನ್ ತನ್ನ ಕಿಂಡಲ್ ಗ್ರಾಹಕರ ಸಾಧನಗಳಿಂದ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು. ಮಾರಿದವರಿಗೆ ಹಕ್ಕಿರಲಿಲ್ಲ ಎಂಬುದು ಕಾರಣ, ಹಣವನ್ನೂ ವಾಪಸು ಮಾಡಿತು. ಆದರೆ ಒಬ್ಬ ವಿದ್ಯಾರ್ಥಿ ಪಾಠಕ್ಕೆಂದು ಮಾಡಿಕೊಂಡಿದ್ದ ಟಿಪ್ಪಣಿಗಳೂ ಅದರೊಂದಿಗೆ ಕೆಲಸಕ್ಕೆ ಬಾರದಂತಾದವು. ಅಳಿಸಿದ್ದರಲ್ಲಿ ಒಂದು ‘1984’. ಕಣ್ಗಾವಲಿನ ಕತೆ ಹೇಳುವ ಕಾದಂಬರಿಯೇ ಹೀಗೆ ಮಾಯವಾದದ್ದನ್ನು ಯಾವ ಹಾಸ್ಯಗಾರನೂ ಇಷ್ಟು ಚೆನ್ನಾಗಿ ಹೊಸೆಯಲಾರ. ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ನನಗೆ ಇದಕ್ಕಿಂತ ಬೆರಗು ಹುಟ್ಟಿಸಿದ್ದು ಪೋಲೆಂಡಿನ ರೈಲುಗಳ ಪ್ರಕರಣ. ನೆವಾಗ್ ಎಂಬ ಕಂಪನಿ ತಯಾರಿಸಿದ ಇಂಪುಲ್ಸ್ ರೈಲುಗಳನ್ನು ಅಲ್ಲಿನ ಒಂದು ಪ್ರಾದೇಶಿಕ ರೈಲು ಸಂಸ್ಥೆ ಕೊಂಡಿತ್ತು. 2022ರಲ್ಲಿ ದೊಡ್ಡ ಸರ್ವಿಸ್ ಮಾಡಿಸಬೇಕಾದಾಗ ಟೆಂಡರ್ ಗೆದ್ದದ್ದು ತಯಾರಕರಲ್ಲ, ಬೇರೊಂದು ವರ್ಕ್‌ಶಾಪು. ಅವರು ಕೈಪಿಡಿ ನೋಡಿಕೊಂಡು ಒಂದೊಂದು ಭಾಗ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು. ಎಲ್ಲ ದೀಪ ಹತ್ತುತ್ತದೆ, ಎಲ್ಲ ಸರಿಯಿದೆ ಎಂದು ಕಂಪ್ಯೂಟರ್ ಹೇಳುತ್ತದೆ, ರೈಲು ಮಾತ್ರ ಅಲ್ಲಾಡುವುದಿಲ್ಲ. ಒಂದರ ಹಿಂದೆ ಒಂದು ರೈಲಿಗೂ ಇದೇ ಗತಿ. ದಿಕ್ಕು ತೋಚದೆ ಅವರು ಡ್ರ್ಯಾಗನ್ ಸೆಕ್ಟರ್ ಎಂಬ ಹ್ಯಾಕರ್ ತಂಡವನ್ನು ಕರೆಸಿದರು. ತಂಡ ರೈಲಿನ ತಂತ್ರಾಂಶವನ್ನು ಬಗೆದು ನೋಡಿ 2023ರ ಡಿಸೆಂಬರಿನಲ್ಲಿ ಹೇಳಿದ್ದು: ಪ್ರತಿಸ್ಪರ್ಧಿ ವರ್ಕ್‌ಶಾಪುಗಳ ಅಕ್ಷಾಂಶ ರೇಖಾಂಶಗಳು ಆ ತಂತ್ರಾಂಶದೊಳಗೆ ಇದ್ದವು. ರೈಲು ಅಲ್ಲಿ ಕೆಲವು ದಿನ ನಿಂತರೆ ತಾನಾಗಿ ಬೀಗ ಬೀಳುವಂತೆ ಅದನ್ನು ಬರೆಯಲಾಗಿತ್ತು. ನೆವಾಗ್ ಇದನ್ನು ಸಾರಾಸಗಟಾಗಿ ಅಲ್ಲಗಳೆಯಿತು, ಹೇಳಿದವರ ಮೇಲೆಯೇ ದಾವೆ ಹೂಡಿತು. ಯಾರು ಬರೆದರು ಎಂಬುದನ್ನು ಕೋರ್ಟುಗಳು ನೋಡಿಕೊಳ್ಳಲಿ. ಇಂಥದ್ದೊಂದನ್ನು ಬರೆಯಲು ಸಾಧ್ಯ, ಕೊಂಡವರಿಗೆ ವರ್ಷಗಟ್ಟಲೆ ಅದು ಗೊತ್ತಾಗದೆಯೂ ಇರಬಹುದು ಎಂಬುದೇ ನನ್ನ ನಿದ್ದೆಗೆಡಿಸಲು ಸಾಕು.

ಬೀಗವನ್ನು ಒಡೆದುಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಅಮೆರಿಕದಲ್ಲಿ 1998ರ ಡಿಎಂಸಿಎ ಕಾಯ್ದೆಯ ಪ್ರಕಾರ ಹಕ್ಕುಸ್ವಾಮ್ಯವಿರುವ ತಂತ್ರಾಂಶಕ್ಕೆ ಹಾಕಿದ ಬೀಗ ಒಡೆಯುವುದೇ ಕಾನೂನುಬಾಹಿರ, ಒಳಗಿರುವುದು ನೀವು ಕೊಂಡ ವಸ್ತುವೇ ಆಗಿದ್ದರೂ. ಮೂರು ವರ್ಷಕ್ಕೊಮ್ಮೆ ಅಲ್ಲಿನ ಜನ ಫೋನಿಗೆ, ಕಾರಿಗೆ, ಟ್ರ್ಯಾಕ್ಟರಿಗೆ ವಿನಾಯಿತಿ ಕೊಡಿ ಎಂದು ಸರ್ಕಾರದ ಮುಂದೆ ಅರ್ಜಿ ಹಿಡಿದು ನಿಲ್ಲುತ್ತಾರೆ. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳನ್ನು ರೈತರೇ ರಿಪೇರಿ ಮಾಡಿಕೊಳ್ಳಲು ಬೇಕಾದ ಸಲಕರಣೆ, ಮಾಹಿತಿಗಳನ್ನು ಕಂಪನಿಗಳು ಕೊಡಲೇಬೇಕೆಂದು ಕಾನೂನು ಮಾಡಿತು. ನಮ್ಮಲ್ಲಿ 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಂ ಅಷ್ಟು ಕಟುವಲ್ಲ. ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆದರೆ ಮಾತ್ರ ಶಿಕ್ಷೆ. ಈ ವಿಷಯದಲ್ಲಿ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ವಾಸಿ ಎಂದು ಧೈರ್ಯವಾಗಿ ಹೇಳಬಹುದು. ಆದರೆ ಶಿಕ್ಷೆಯಿಲ್ಲ ಎಂದ ಮಾತ್ರಕ್ಕೆ ಬಿಡಿಭಾಗ ಸಿಗುತ್ತದೆಯೇ, ಸರ್ಕಿಟ್ಟಿನ ನಕ್ಷೆ ಸಿಗುತ್ತದೆಯೇ? ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಎಲ್ಲಿ ಸರ್ವಿಸ್ ಸೆಂಟರ್ ಇದೆ, ವಾರಂಟಿ ಏನು ಎಂಬ ಮಾಹಿತಿ ಅಲ್ಲಿ ಸಿಗುತ್ತದೆ. ಪೋರ್ಟಲ್ ಎಂದರೆ ಫಲಕ, ಹಕ್ಕು ಎಂದರೆ ಬೇರೆ.

ಕಂಪನಿಗಳ ಕಡೆಯ ಮಾತೂ ಇದೆ, ಅದೆಲ್ಲ ನೆಪವಲ್ಲ. ಅಪ್‌ಡೇಟ್ ಇಲ್ಲದ ಫೋನು ಬಾಗಿಲಿಲ್ಲದ ಮನೆ. 2017ರಲ್ಲಿ ಆ್ಯಪಲ್ ಕಂಪನಿ ಹಳೆಯ ಐಫೋನುಗಳ ವೇಗ ತಗ್ಗಿಸಿದ್ದು ಬಯಲಾದಾಗ ಅದು ಕೊಟ್ಟ ಕಾರಣ ತಾಂತ್ರಿಕವಾಗಿ ಸರಿಯೇ ಇತ್ತು. ಸವೆದ ಬ್ಯಾಟರಿ ಒಮ್ಮೆಲೇ ಹೆಚ್ಚು ಶಕ್ತಿ ಕೊಡಲಾರದೆ ಫೋನು ಇದ್ದಕ್ಕಿದ್ದಂತೆ ಆರಿಹೋಗುವುದನ್ನು ತಡೆಯಲು ಹಾಗೆ ಮಾಡಿದ್ದರು. ತಪ್ಪು ಇದ್ದದ್ದು ಹೇಳದೆ ಮಾಡಿದ್ದರಲ್ಲಿ. ‘ಬ್ಯಾಟರಿ ಸವೆದಿದೆ, ಅದನ್ನು ಬದಲಿಸಿದರೆ ಮೊದಲಿನಂತಾಗುತ್ತದೆ’ ಎಂಬ ಒಂದು ಸಾಲನ್ನು ಪರದೆಯ ಮೇಲೆ ತೋರಿಸಿದ್ದರೆ ಎಷ್ಟೋ ಜನ ಹೊಸ ಫೋನು ಕೊಳ್ಳುತ್ತಿರಲಿಲ್ಲ. ಆ ಸಾಲು ಬರದಿದ್ದದ್ದಕ್ಕೆ 2020ರಲ್ಲಿ 50 ಕೋಟಿ ಡಾಲರಿನವರೆಗೆ ಕೊಡಲು ಒಪ್ಪಿ ಅಮೆರಿಕದಲ್ಲಿ ರಾಜಿ ಮಾಡಿಕೊಳ್ಳಬೇಕಾಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರ ಹಿಂದೆಯೂ ಹೀಗೆ ಒಪ್ಪಬಹುದಾದ ಕಾರಣವಿದೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಭದ್ರತೆಗೆ ಅದು ಒಳ್ಳೆಯದೇ. ಆದರೆ ನನ್ನ ಮನೆಯ ಹಳೆಯ ಲ್ಯಾಪ್‌ಟಾಪ್ ಒಂದೇ ಒಂದು ತೊಂದರೆಯಿಲ್ಲದೆ ಓಡುತ್ತಿದೆ, ಪಟ್ಟಿಯಲ್ಲಿ ಇಲ್ಲ ಅಷ್ಟೇ. ಅದಕ್ಕೆ ಲಿನಕ್ಸ್ ಹಾಕಿದ್ದೇನೆ. ಇಡೀ ದೇಶದ ಸರ್ಕಾರಿ ಕಚೇರಿ, ಶಾಲೆ, ಸೈಬರ್ ಸೆಂಟರುಗಳಲ್ಲಿ ಹೀಗೆ ಮಾಡುವವರು ಯಾರು?

ಇಷ್ಟೆಲ್ಲ ಬೈದ ಮೇಲೆ ಯಾರೂ ದುರುದ್ದೇಶದಿಂದ ಹಾಕದ ಒಂದು ಬೀಗದ ವಿಷಯ ಹೇಳದಿದ್ದರೆ ನ್ಯಾಯವಾಗದು. ನನ್ನನ್ನು ಅತಿ ಹೆಚ್ಚು ಸತಾಯಿಸಿರುವುದು ಅದೇ.

ಹೋದ ವರ್ಷ ಅಟ್ಟದಿಂದ ಇಳಿಸಿದ ಪೆಟ್ಟಿಗೆಯಲ್ಲಿ ಒಂದು ಸಿಡಿ ಸಿಕ್ಕಿತು. ಅಪ್ಪ ನಿವೃತ್ತಿಯ ನಂತರ ಟೈಪಿಸ್ಟ್ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಸಿದ ನಮ್ಮ ಊರಿನ ನೆನಪುಗಳು. ಸಿಡಿ ಓದುವ ಡ್ರೈವ್ ಹುಡುಕಲು ಎರಡು ದಿನ ಹಿಡಿಯಿತು. ಫೈಲು ತೆರೆದರೆ, ಕನ್ನಡ ಎಂಬ ಪದ ಇರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ಆಮೇಲೆ ತಲೆಯ ಮೇಲೆ ಓರೆಗೀಟು ಎಳೆದ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಓರೆಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಇನ್ನೊಂದು ಓರೆಗೀಟಿನ ಎ. ಹೀಗೆ ನೂರಾರು ಪುಟ.

ಕಾರಣ ಇಷ್ಟೆ. ಹಿಂದೆ ಒಂದು ಫಾಂಟಿನಲ್ಲಿ ಇರುತ್ತಿದ್ದದ್ದು 256 ಖಾನೆ, ಅವುಗಳಲ್ಲಿ ಕನ್ನಡಕ್ಕೆಂದು ಒಂದೂ ಇರಲಿಲ್ಲ. ನಮ್ಮವರು ಪಿ ಇರುವ ಖಾನೆಯಲ್ಲಿ ತಲೆಕಟ್ಟಿಲ್ಲದ ಕ ಬರೆದರು, ಓರೆಗೀಟಿನ ಎ ಇದ್ದಲ್ಲಿ ತಲೆಕಟ್ಟು, ಜರ್ಮನ್ ಅಕ್ಷರವಿದ್ದಲ್ಲಿ ನಕಾರದ ಒತ್ತು. ಕಂಪ್ಯೂಟರಿನ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷು. ಆ ಫಾಂಟು ತೊಡಿಸಿದಾಗ ಮಾತ್ರ ಅದು ನಮ್ಮ ಕಣ್ಣಿಗೆ ಕನ್ನಡ. ಗತಿಯಿಲ್ಲದ ಕಾಲದಲ್ಲಿ ಅದೊಂದು ಜಾಣ ಉಪಾಯವೇ ಆಗಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಹೊರತಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ನುಡಿ, ಇವು ಇಲ್ಲದಿದ್ದರೆ ನಮ್ಮಲ್ಲಿ ಅನೇಕರು ಕಂಪ್ಯೂಟರಿನಲ್ಲಿ ಕನ್ನಡದ ಒಂದು ಸಾಲೂ ಬರೆಯುತ್ತಿರಲಿಲ್ಲ. ಆದರೆ ತಂತ್ರಾಂಶಗಳು ಹೆಚ್ಚಿದಂತೆ ಖಾನೆಗಳ ಹಂಚಿಕೆಯೂ ಬೇರೆ ಬೇರೆಯಾಯಿತು. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದಲ್ಲಿ ಬರೆದದ್ದನ್ನು ನುಡಿ ಓದಲಾರದು. ಡಿಟಿಪಿ ಅಂಗಡಿಗಳು ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ಗೆ ಪ್ರತಿ ಲಿಪಿಗೂ ಬೇರೆ ಖಾನೆ ಕೊಡುವ ಯುನಿಕೋಡ್ ಗೊತ್ತೇ ಇರಲಿಲ್ಲವಾದ್ದರಿಂದ, ಪುಸ್ತಕಗಳು, ಮದುವೆ ಕಾಗದಗಳು, ಸ್ಮರಣ ಸಂಚಿಕೆಗಳು ಈ ಮುಸುಕಿನೊಳಗೇ ಉಳಿದವು.

ಯುನಿಕೋಡ್ ಮಾಡಿದ್ದು ಸಣ್ಣ ಕೆಲಸ, ಆದರೆ ಆಗಲೇಬೇಕಿದ್ದ ಕೆಲಸ. 1991ರ ಮೊದಲ ಆವೃತ್ತಿಯಲ್ಲೇ ಅದು ಕನ್ನಡಕ್ಕೆ ಸ್ವಂತ ಖಾನೆಗಳನ್ನು ಕೊಟ್ಟಿತು, ಆ ಪಟ್ಟಿಯನ್ನು ಯಾರು ಬೇಕಾದರೂ ನೋಡುವಂತೆ ಪ್ರಕಟಿಸಿತು. ಫೋನು, ಬ್ರೌಸರು, ಕಚೇರಿಯ ಕಂಪ್ಯೂಟರ್ ಎಲ್ಲಕ್ಕೂ ಅದು ತಲುಪಲು ಎರಡು ದಶಕ ಹಿಡಿಯಿತು ಎನ್ನುವುದು ಬೇರೆ ಮಾತು. ಯಾವ ಕಂಪನಿಯ ಯಂತ್ರವಾದರೂ ಇವತ್ತು ಕ ಎಂದರೆ ಕ. ಐರೋಪ್ಯ ಒಕ್ಕೂಟ 2024ರ ಡಿಸೆಂಬರಿನಿಂದ ಎಲ್ಲ ಹೊಸ ಫೋನುಗಳಿಗೂ ಒಂದೇ ಯುಎಸ್‌ಬಿ-ಸಿ ಕಿಂಡಿ ಇರಲಿ ಎಂದು ಕಡ್ಡಾಯ ಮಾಡಿದ್ದೂ ಇದೇ ಜಾತಿಯ ಕೆಲಸ. ಅಷ್ಟರೊಳಗೆ, 2023ರಲ್ಲೇ, ಐಫೋನ್ ಕೂಡ ತನ್ನ ಹಳೆಯ ಕಿಂಡಿಯನ್ನು ಬಿಟ್ಟಿತ್ತು. ಕಂಪನಿಗಳಿಗೆ ತಾವಾಗಿ ಹೊಳೆಯದ ಎಷ್ಟೋ ವಿಷಯಗಳು ಕಾನೂನು ಬಂದೊಡನೆ ಸಲೀಸಾಗಿ ಹೊಳೆಯುತ್ತವೆ.

ಅಪ್ಪನ ಫೈಲನ್ನು ಸ್ವಯಂಸೇವಕರು ಬರೆದಿಟ್ಟ ಒಂದು ಮುಕ್ತ ಪರಿವರ್ತಕದಲ್ಲಿ ಹಾಯಿಸಿದೆ. ಬಹುಪಾಲು ಸರಿಯಾಗಿ ಬಂತು. ಕೆಲವೆಡೆ ಅರ್ಕಾವತ್ತು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂತಿತ್ತು. ನಡುನಡುವೆ ಅಪ್ಪ ಹೇಳಿ ಬರೆಸಿದ ಇಂಗ್ಲಿಷ್ ಪದಗಳು ಕನ್ನಡದ ಕಲಸುಮೇಲೋಗರವಾಗಿದ್ದವು. ಒಂದೊಂದೇ ಸಾಲು ನೋಡಿ ತಿದ್ದಲು ಮೂರು ವಾರ ಬೇಕಾಯಿತು. ಆ ಪ್ರಿಂಟರಿನಲ್ಲಿ ಅದನ್ನು ಹೊಡೆಯುವ ಗೋಜಿಗೆ ಹೋಗಲಿಲ್ಲ, ರಬ್ಬರ್ ಬ್ಯಾಂಡಿನ ಅಂಗಡಿಯಲ್ಲೇ ಹೊಡೆಸಿ ಬೈಂಡ್ ಮಾಡಿಸಿದೆ.

ನಿಮ್ಮ ಮನೆಯಲ್ಲೂ, ಊರಿನ ಸಂಘದ ಬೀರುವಿನಲ್ಲೂ, ಹಳೆಯ ಡಿಟಿಪಿ ಅಂಗಡಿಯ ಹಾರ್ಡ್‌ಡಿಸ್ಕಿನಲ್ಲೂ ಇಂಥ ಫೈಲುಗಳು ಇರಬಹುದು. ಅವುಗಳನ್ನು ಬರೆದ ಫಾಂಟು ಯಾವುದೆಂದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಅವರನ್ನು ಕೇಳಿ, ಯುನಿಕೋಡಿಗೆ ಬದಲಿಸಿ, ಎರಡು ಕಡೆ ಉಳಿಸಿಡಿ.